ಅಯ್ಯನವರ ಹೆಗಲಿಗೆ ನನ್ನ ಹೆಂಡತಿ ನೇಯ್ದ ಉಲೋಸ್

ಮಾನ್ಯ ಅಧ್ಯಕ್ಷರೇ, ಘಟ್ಟದ ರಸ್ತೆಯಲ್ಲಿ ಹೊಟ್ಟೆ ತೊಳಸಿಕೊಂಡು ಇಳಿದು ಬಂದಿರುವ ಜಿಲ್ಲಾ ಮೇಲ್ವಿಚಾರಕರೇ, ನಮ್ಮ ಚರ್ಚಿನ ಸಭೆಯನ್ನು ಬಿಟ್ಟು ನಾಳೆ ಮೇಡಾನ್ ನಗರಕ್ಕೆ ಹೊರಟಿರುವ ಪಾದ್ರಿ ಮಾರಿಹೋತ್ ಅಯ್ಯನವರೇ, ಎಡಗಡೆಯ ಬಟ್ಟೆಯವರೇ, ಬಲಗಡೆಯ ಬೆಂಕಿಯವರೇ, ಈಚೆಗೆ ಎಡಬಲ ನೋಡದೆ ಸಿಕ್ಕಲ್ಲಿ ಕೂರುತ್ತಿರುವ ಸಭಿಕರೇ,

ಸಭಾಹಿರಿಯರಲ್ಲಿ ಹಳಬ ಎಂಬ ಕಾರಣಕ್ಕೆ ಬೀಳ್ಕೊಡುಗೆಯ ಮಾತನ್ನು ನನಗೆ ಒಪ್ಪಿಸಿದ್ದಾರೆ. ಅಯ್ಯನವರನ್ನು ನಾಲ್ಕು ಮಾತು ಹೊಗಳಿ, ಮೇಜಿನ ಮೇಲೆ ಮಡಚಿಟ್ಟಿರುವ ಆ ಉಲೋಸ್ ಶಾಲನ್ನು ಅವರ ಹೆಗಲಿಗೆ ಹೊದಿಸಿ, ಹರಸಿ, ನಾನು ಕೂರಬೇಕು. ಆಮೇಲೆ ಊಟ. ಹಂದಿ ಸಾರಿನ ಘಮ ಆಗಲೇ ಕಿಟಕಿಯಿಂದ ಬರುತ್ತಿದೆ. ನೀವು ಕೇಳುತ್ತಿರುವುದು ನನ್ನ ಮಾತನ್ನಲ್ಲ ಎಂದು ನನಗೆ ಗೊತ್ತಿದೆ.

ಹೊಗಳುತ್ತೇನೆ. ಅಯ್ಯನವರು ನಮ್ಮ ಸಭೆ ಒಡೆಯದಂತೆ ಉಳಿಸಿದರು. ಇದನ್ನು ಯಾರು ಅಲ್ಲಗಳೆಯುತ್ತಾರೆ? ನಾನಂತೂ ಅಲ್ಲಗಳೆಯುವುದಿಲ್ಲ. ಆದರೆ ನನಗೂ ಒಂದು ಪ್ರಶ್ನೆ ಇದೆ. ಅವರು ಬರುವ ಮೊದಲಿನ ಹನ್ನೊಂದು ವರ್ಷ ನಾನೇನು ಕಡಲೆಕಾಯಿ ತಿನ್ನುತ್ತಿದ್ದೆನೇ?

ಎಲ್ಲ ಶುರುವಾದದ್ದು ಆ ಪ್ರಾರ್ಥನಾ ಮಂಡಳಿ ಇಲ್ಲಿ ಬಂದಿಳಿದಾಗ. ಮದುವೆಗೆ, ಮಗುವಿಗೆ, ಹೆಣಕ್ಕೆ ನಾವು ಹೊದಿಸುವ ಉಲೋಸ್‌ನಲ್ಲಿ ಸತ್ತವರ ಆತ್ಮ ಇರುತ್ತದೆ, ಅದು ಕ್ರಿಸ್ತನಿಗೆ ದ್ರೋಹ ಎಂದರು. ದೋಣಿಕಟ್ಟೆಯ ಬಯಲಿನಲ್ಲಿ ಬೆಂಕಿ ಹಾಕಿದರು. ಬಟ್ಟೆ ಸುಟ್ಟವರೆಲ್ಲ ಬೆಂಕಿಯವರಾದರು. ಸುಡದವರು ಬಟ್ಟೆಯವರಾದರು. ಸತ್ಯವೇದದ ಒಂದಕ್ಷರವೂ ಅಲುಗದು ಎನ್ನುವವರು ಆ ಕಡೆ, ಕಾಲ ನೋಡಿ ಓದಬೇಕು ಎನ್ನುವವರು ಈ ಕಡೆ. ಬಟ್ಟೆಯವರಿಗೆ ಮುಂದಾಳು ಯಾರು? ನಾನು. ಬೆಂಕಿಗೆ ತನ್ನ ತಾಯಿಯ ಉಲೋಸನ್ನು ಹಾಕಿದವಳು ಯಾರು? ನನ್ನ ಹೆಂಡತಿ ತಿಯೊರ್ಲಿನಾ.

ಈ ಸರೋವರದ ದಡದಲ್ಲಿ ಅವಳಂಥ ನೇಯ್ಗೆಯವಳು ಇರಲಿಲ್ಲ. ಅಂಥವಳು ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದಳು. ಭಾನುವಾರ ಅವಳು ಬೆಳಗಿನ ಆರಾಧನೆಗೆ ಹೋದರೆ ನಾನು ಎರಡನೆಯದಕ್ಕೆ. ನಾನು ಸುಮ್ಮನಿದ್ದೆನೇ? ಸಿಯಾಂತಾರ್‌ನಲ್ಲಿ ದೇವಶಾಸ್ತ್ರ ಓದಿದವನು ನಾನು. ಊಟಕ್ಕೆ ಕೂತಾಗಲೆಲ್ಲ ವಿವರಿಸಿದೆ. "ಭೂತಾನೂ ಇಲ್ಲ ಗೀತಾನೂ ಇಲ್ಲ ಕಣೇ, ಅದು ಬರೀ ನೂಲು" ಎಂದೆ. ಸೃಷ್ಟಿಯ ಆರು ದಿನಗಳನ್ನೂ ಕಥೆಯೆಂದು ಓದಬಹುದು ಎಂದೆ. ಅವಳು ಏನೆಂದಳು ಗೊತ್ತೇ? "ಹಂಗಾದ್ರೆ ಪುನರುತ್ಥಾನಾನೂ ಕಥೇನಾ? ಅನ್ನ ಹಾಕ್ಲಾ, ಸಾಕಾ?"

ಹೀಗಿರುವಾಗ ಈ ಅಯ್ಯನವರು ಬಂದರು. ಮೀಸೆ ಸರಿಯಾಗಿ ಚಿಗುರದ ವಯಸ್ಸು. ಮೊದಲ ಮದುವೆಯಲ್ಲೇ ಎರಡು ಕಡೆಯವರೂ ಅವರನ್ನು ಪರೀಕ್ಷೆಗೆ ಹಚ್ಚಿದೆವು. ಹೆಣ್ಣಿನ ತಂದೆ ಉಲೋಸ್ ಹಿಡಿದು ನಿಂತ. ಬಲಗಡೆಯವರು ಎದ್ದು ಹೋಗಲು ಚಪ್ಪಲಿ ಹುಡುಕುತ್ತಿದ್ದರು. ಅಯ್ಯನವರು ಬಟ್ಟೆಯನ್ನು ಹರಸಲಿಲ್ಲ, ನನಗೆ ಸಿಟ್ಟು ಬಂತು. ಬೇಡ ಎನ್ನಲೂ ಇಲ್ಲ, ಬೆಂಕಿಯವರಿಗೆ ಸಿಟ್ಟು ಬಂತು. "ಇದನ್ನ ನೇಯ್ದೋರು ಯಾರು?" ಎಂದು ಕೇಳಿದರು. ಒಬ್ಬ ಮುದುಕಿ ಕೈ ಎತ್ತಿದಳು. "ಸೊಂಟ ನೋಯುತ್ತಾ ಅಜ್ಜಿ?" ಎಂದರು. "ನೋಯದೆ ಇನ್ನೇನಪ್ಪಾ" ಎಂದಳು. ಅವಳ ಸೊಂಟಕ್ಕಾಗಿ ಪ್ರಾರ್ಥನೆ ಮಾಡಿದರು! ಅದಕ್ಕೆ ಯಾರು ಆಮೆನ್ ಎನ್ನದಿರುತ್ತಾರೆ? ಎರಡೂ ಕಡೆಯವರು ಅಂದರು. ನಾನೂ ಅಂದೆ, ಹಲ್ಲು ಕಚ್ಚಿಕೊಂಡು.

ಆಮೇಲೆ ನಮ್ಮ ಮನೆಗೇ ಬಂದರು. ಬಂದವರು ನನ್ನ ಪುಸ್ತಕಗಳ ಕಡೆ ನೋಡಲಿಲ್ಲ, ಅಡುಗೆಮನೆಗೆ ಹೋಗಿ ಕೂತರು. ನಾನು ಈಚೆ ಕೋಣೆಯಲ್ಲಿ ಸತ್ಯವೇದ ಓದುತ್ತಿದ್ದೆ. ಸುಳ್ಳೇಕೆ, ಕಿವಿ ಅಲ್ಲೇ ಇತ್ತು. ಅಯ್ಯನವರು ಕೇಳಿದರು, "ಯಾಕಮ್ಮಾ ಮಗ್ಗ ಬಿಟ್ರಿ?" ಅವಳು ಹೇಳಿದಳು, "ಅಮ್ಮ ನೇಯೋವಾಗ ಸತ್ತ ಅಜ್ಜೀನ ಹೆಸರು ಹಿಡಿದು ಕರೀತಿದ್ಲು ಅಯ್ಯಾ. ಒಂದ್ಸಲ ಯಾರೋ ಓಗೊಟ್ಟ ಹಂಗಾಯ್ತು. ಹೆದರ್ಕೊಂಡೆ. ಇವರಿಗೆ ಹೇಳಿದ್ರೆ ನಗ್ತಾರೆ."

ಸಭಿಕರೇ, ಆ ಮಾತನ್ನು ನಾನು ಗೋಡೆಯ ಈಚೆಯಿಂದ ಕೇಳಿಸಿಕೊಂಡೆ. ನನ್ನ ಹೆಂಡತಿಯ ಭಯ ಏನೆಂದು ನಿನ್ನೆ ಮೊನ್ನೆ ಬಂದವರಿಗೆ ತಿಳಿಯಿತು, ಅವರಿಂದ ನನಗೆ ತಿಳಿಯಿತು. ಹೊಟ್ಟೆ ಉರಿಯುವುದಿಲ್ಲವೇ? ಉರಿಯಿತು.

ಅಯ್ಯನವರು ನಗಲಿಲ್ಲ. ಭಯ ಸುಳ್ಳು ಎನ್ನಲಿಲ್ಲ, ಬಟ್ಟೆ ಕೆಟ್ಟದ್ದು ಎಂದೂ ಹೇಳಲಿಲ್ಲ. "ಅಜ್ಜಿ ಹೆಸರಿನ ಜಾಗದಲ್ಲಿ ಯೇಸುವಿನ ಹೆಸರು ಹೇಳ್ಕೊಂಡು ನೇಯ್ದು ನೋಡಿ. ಮೊದಲ ದಿನ ನಾನೂ ಜೊತೇಲಿ ಕೂತಿರ್ತೀನಿ" ಎಂದರು. ಶನಿವಾರ ಬಂದು ಇಡೀ ದಿನ ಕೂತರು. ನಾನೇ ಅಟ್ಟ ಹತ್ತಿ ಮಗ್ಗ ಇಳಿಸಿ ಕೊಟ್ಟೆ. ಮಧ್ಯಾಹ್ನ ಅವಳು ಹಳದಿ ಮಸಾಲೆಯ ಮೀನು ಮಾಡಿ, ಅದರ ತಲೆಯನ್ನು ಅಯ್ಯನವರ ತಟ್ಟೆಗೆ ಬಡಿಸಿದಳು. ಮದುವೆಯಾದಾಗಿನಿಂದ ಮನೆಯ ಯಜಮಾನನ ಪಾಲೆಂದು ಆ ತಲೆ ನನ್ನ ತಟ್ಟೆಗೆ ಬೀಳುತ್ತಿತ್ತು. ನನಗೆ ಬಾಲ ಬಂತು. ತಿಂದೆ.

ಅದರ ಫಲ ಈ ಮೇಜಿನ ಮೇಲಿದೆ. ನೇಯುವಾಗ ನನಗೆ ತೋರಿಸಲಿಲ್ಲ, ಚಾಪೆ ಮುಚ್ಚಿಡುತ್ತಿದ್ದಳು. ನೇಯ್ದಳು ನಿಜ, ಆದರೆ "ಯಾರ ಹೆಗಲ ಮೇಲೂ ನಾನು ಹಾಕಲ್ಲ, ಈಗಲೂ ಭಯ ಆಗತ್ತೆ, ನೀವೇ ಹಾಕಿ" ಅಂದಳು. ಅದಕ್ಕೇ ಈ ಕೆಲಸ ನನ್ನ ಪಾಲಿಗೆ ಬಂದದ್ದು.

ಆದರೆ ಹಿರಿಯರೇ, ನಿಮಗೆ ಗೊತ್ತು. ಉಲೋಸ್ ಹೊದಿಸುವವನ ಮನಸ್ಸಿನಲ್ಲಿ ಕಸ ಇರಬಾರದು. ನನ್ನಲ್ಲಿ ಇದೆ. ಈ ಹದಿನೈದು ನಿಮಿಷ ನಾನು ಗುಡಿಸಿದ್ದು ಅದನ್ನೇ, ಹೋಗಲಿಲ್ಲ. ಈ ಕೈಯಿಂದ ಹೊದಿಸಿದರೆ ಅಯ್ಯನವರಿಗೆ ಮೇಡಾನ್ ತಲುಪುವುದರೊಳಗೆ ಜ್ವರ ಬಂದೀತು. ಅದರಿಂದ ಕಾರ್ಯಕ್ರಮವನ್ನು ಸ್ವಲ್ಪ ಬದಲಾಯಿಸುತ್ತೇನೆ, ಅಧ್ಯಕ್ಷರು ಕ್ಷಮಿಸಬೇಕು.

ನಮ್ಮ ಮಗಳು ಡೂಮಾಳ ಅಮ್ಮಾ, ಒಂದು ನಿಮಿಷ ವೇದಿಕೆ ಮೇಲೆ ಬರ್ತೀಯಾ? ತಲೆ ಅಲ್ಲಾಡಿಸ್ಬೇಡ. ಭಯ ಇದೆ ಅಂತ ಗೊತ್ತು. ನಾನು ನಗಲ್ಲ. ಈ ಸಲ ನಗಲ್ಲ.

ಎದ್ದಳು. ದಾರಿ ಬಿಡಿ, ಮಕ್ಕಳನ್ನು ಎತ್ತಿಕೊಳ್ಳಿ. ಬಂದಳು. ಬಿಚ್ಚುತ್ತಿದ್ದಾಳೆ. ಅಬ್ಬಾ, ಅಂಚು ನೋಡಿ! ಹೊದಿಸಿದಳು! ಏನೋ ಹೇಳಿದಳು, ಹಿಂದೆ ಕೂತವರಿಗೆ ಕೇಳಿಸಿರಲಾರದು. "ಯೇಸು ನಿಮ್ಮನ್ನ ಬೆಚ್ಚಗಿಡ್ಲಿ ಅಯ್ಯಾ" ಅಂದಳು. ಚಪ್ಪಾಳೆ ಬಲಗಡೆಯಿಂದಲೂ ಬರುತ್ತಿದೆ, ಒಳ್ಳೆಯದು.

ಏನು ಅಯ್ಯನವರೇ? "ಅಗಲ ಇದೆ ಯಜಮಾನ್ರೇ, ನೀವೂ ಒಳಗೆ ಬನ್ನಿ" ಅಂತೀರಾ? ನೋಡಿದಿರಾ ಸಭಿಕರೇ, ನನ್ನ ಹೆಂಡತಿ ನೇಯ್ದ ಬಟ್ಟೆಯೊಳಗೆ ನನ್ನನ್ನು ಕರೆಯಲೂ ಇವರೇ ಬೇಕಾಯಿತು! ಬಂದೆ, ಬಂದೆ. ಬೆಚ್ಚಗೇನೋ ಇದೆ.

ಆದರೆ ಒಂದು ಮಾತು. ಬಟ್ಟೆ ಜಾರದ ಹಾಗೆ ನನ್ನ ಹೆಗಲ ಹತ್ತಿರ ತುದಿಯನ್ನು ಸಿಕ್ಕಿಸಿದಳಲ್ಲ, ಅದನ್ನು ಅಯ್ಯನವರು ಹೇಳಿಕೊಟ್ಟಿಲ್ಲ. ಅದು ಅವಳದೇ. ಎಲ್ಲರೂ ದಯವಿಟ್ಟು ಗಮನಿಸಬೇಕು.

ಇಷ್ಟು ಹೊತ್ತು ಹಸಿವು ತಡೆದುಕೊಂಡದ್ದಕ್ಕೆ ನಿಮಗೆಲ್ಲ ಋಣಿ. ಹೊರಾಸ್, ಎಲ್ಲರಿಗೂ ಒಳ್ಳೆಯದಾಗಲಿ! ಕೈ ಮುಗಿಯೋಣವೆಂದರೆ ಎರಡು ಕೈಯೂ ಉಲೋಸ್ ಒಳಗೆ ಸಿಕ್ಕಿಕೊಂಡಿವೆ, ಬಿಡಿಸಿಕೊಳ್ಳುವ ಮನಸ್ಸಿಲ್ಲ. ಬಾಯಲ್ಲೇ ಹೇಳುತ್ತೇನೆ, ನಮಸ್ಕಾರ.