ಲೈಬ್ರರಿಯ ಕೆಳಗಿನ ಪೆಟ್ಟಿಗೆ

ಬೇಡ, ಬೇಡ, ಆ ಪೆಟ್ಟಿಗೆ ಮಾತ್ರ ನನಗೆ ಬಿಡು ತಾಯಿ. ಮಿಕ್ಕ ಹದಿಮೂರನ್ನೂ ನೀನೇ ಬಿಚ್ಚಿದ್ದೀಯಲ್ಲ, ಇದೊಂದನ್ನ ಈ ಮುದುಕ ಬಿಚ್ಚಲಿ... ಯಾಕೆ ನಗ್ತೀಯಾ? ನಿವೃತ್ತಿಯಾಗಿ ಆರು ವರ್ಷ ಆದರೂ ಜೇಬಲ್ಲಿ ಟೆಸ್ಟರ್ ಇಟ್ಕೊಂಡು ಓಡಾಡ್ತಾನೆ ಅಂತಲಾ? ಓಡಾಡ್ತೀನಮ್ಮ. ಬೆಳಿಗ್ಗೆ ನಿಮ್ಮ ಟೀವಿ ಕೇಂದ್ರದ ಗೇಟಿನ ಹತ್ರ ಹಳೇ ಕೇಬಲ್ ಸುರುಳಿ ಸುರುಳಿಯಾಗಿ ಬಿದ್ದಿರೋದು ನೋಡಿ ಎಷ್ಟು ಖುಷಿಯಾಯ್ತು ಗೊತ್ತಾ. ಇಡೀ ಯೂನಿವರ್ಸಿಟಿ ಕ್ಯಾಂಪಸ್ಸಿಗೆ ನಾನೇ ನಿಂತು ಎಳೆಸಿದ ಕೇಬಲ್ಲು. ಹೋಗಲಿ, ಅದರ ಕಾಲ ಮುಗೀತು. ಇನ್ಮೇಲೆ ಕೂದಲೆಳೆಯಷ್ಟು ಗಾಜು, ಅದರೊಳಗೆ ಬೆಳಕು ಓಡುತ್ತೆ. ನಮ್ಮದು ನೂರು ಹೆಜ್ಜೆ ಹೋಗೋಷ್ಟರಲ್ಲಿ ಚಿತ್ರಕ್ಕೆ ಸುಸ್ತಾಗಿಬಿಡೋದು. ಅಲ್ಲಲ್ಲಿ ಆಂಪ್ಲಿಫೈಯರ್ ಇಟ್ಟು, ಬೆನ್ನು ತಟ್ಟಿ, ನಡಿಯಪ್ಪ ಮುಂದೆ ಅಂತ ಕಳಿಸಬೇಕಿತ್ತು.

ಮತ್ತೆ ಸಾರ್ ಅಂದೆ ನೋಡು. ಎಂಥ ಸಾರ್? ಚಿಕ್ಕೋಳಿದ್ದಾಗ ದೊಡ್ಡಪ್ಪ ಅಂತಿದ್ದೆ. ನಿಮ್ಮಪ್ಪನ ಸೈಕಲ್ ಮೇಲೆ ಬಂದು, ಸ್ಟುಡಿಯೋ ಕ್ಯಾಮೆರಾಕ್ಕೆ ನಾಲಿಗೆ ಚಾಚಿದ್ದೆ. ಎಂಟೂ ಹಾಸ್ಟೆಲಿನ ಟೀವಿಯಲ್ಲಿ ಮೂಡಿತ್ತು ಆ ನಾಲಿಗೆ. ಈಗ ನೀನೇ ಇಲ್ಲಿ ಇಂಜಿನಿಯರು. ನಿಮ್ಮಪ್ಪ ಇರಬೇಕಿತ್ತು... ಎರಡು ವರ್ಷ ಆಯ್ತಲ್ವಾ ಹೋಗಿ? ಎರಡೂವರೆ. ಹೂಂ.

ಈ ಕೊಡೆ ಸ್ವಲ್ಪ ಹಿಡ್ಕೊ. ಏನು ಓದ್ತಿದ್ದೀಯಾ? ಓ, ಚೀಟಿಯಾ. ‘ಈ ಕೊಡೆ ನನ್ನದು’, ಕೆಳಗೆ ಎರಡು ಗೀಟು. ಏನಕ್ಕೆ ಚೀಟಿ ಕಟ್ಟಿದರೂ ಎರಡು ಗೀಟು ಎಳೆಯದಿದ್ದರೆ ನನಗೆ ಸಮಾಧಾನ ಇಲ್ಲ. ಸಕ್ಕರೆ ಡಬ್ಬಿಗೂ ಕಟ್ಟಿದ್ದೀನಿ. ನಿಮ್ಮ ದೊಡ್ಡಮ್ಮ ಅಂತಾಳೆ, ನಿಮ್ಮ ಹಣೆಗೂ ಒಂದು ಅಂಟಿಸ್ಕೊಳ್ಳಿ, ಕಳೆದುಹೋದ್ರೆ ಯಾರಾದ್ರೂ ತಂದುಕೊಡ್ತಾರೆ ಅಂತ.

ಕೀಲಿಯಾ? ನನ್ನ ಹತ್ರಾನೇ ಇದೆ... ಹೌದು, ಒಪ್ಪಿಸಬೇಕಿತ್ತು. ಗೊಂಚಲು ಕೊಡುವಾಗ ಇದೊಂದು ಉಳಿದುಬಿಡ್ತು. ಮರೆವು.

ಅವತ್ತಿನ ವಿಷಯ ನಿಮ್ಮಪ್ಪ ಮನೇಲಿ ಹೇಳ್ತಿದ್ದನಾ? ಇಲ್ಲವಾ? ಒಂದು ದಿನಾನೂ? ಪದವಿ ಪ್ರದಾನದ ದಿನ. ಸಭಾಂಗಣ ತುಂಬಿ, ಅರ್ಧಕ್ಕರ್ಧ ತಂದೆ ತಾಯಂದಿರು ಹಾಸ್ಟೆಲುಗಳಲ್ಲಿ ಟೀವಿ ಮುಂದೆ ಕೂತಿದ್ದರು. ಲೈಬ್ರರಿಗೆ ಮಾತ್ರ ರಜಾ. ಆ ಲೈನು ಹೇಗೂ ಖಾಲಿ, ಹೊಸ ಆಂಪ್ಲಿಫೈಯರ್ ಇವತ್ತೇ ಹಾಕಿಬಿಡು ಅಂತ ನಿಮ್ಮಪ್ಪನಿಗೆ ಹೇಳಿದ್ದು ನಾನೇ. ಇದೇ ಪೆಟ್ಟಿಗೆ. ಅವನು ಕೇಬಲ್ ಕತ್ತರಿಸಿದ. ಎಂಟೂ ಹಾಸ್ಟೆಲಲ್ಲಿ ತೆರೆ ಬೆಳ್ಳಗಾಯ್ತು. ಮಕ್ಕಳ ಹೆಸರು ಕೂಗೋ ಹೊತ್ತಿಗೆ ಸರಿಯಾಗಿ... ನಲವತ್ತು ನಿಮಿಷ. ವಿಚಾರಣೆ ವರದಿ ಬರೆಯೋಕೆ ನನಗೇ ಹೇಳಿದರು. ಕೇಬಲ್ಲಿಗೆ ಕಟ್ಟಿದ ಚೀಟಿ ಸರಿಯಾಗಿ ಓದದೆ ಕತ್ತರಿಸಿದ್ದಾನೆ ಅಂತ ಬರೆದೆ. ಅವನು ‘ಅಣ್ಣಾ, ನನ್ನ ಕಣ್ಣೇ ತಪ್ಪಿರಬೇಕು’ ಅಂದ, ಸಹಿ ಹಾಕಿದ. ಅವತ್ತಿಂದ ಸ್ಟೋರ್ ರೂಮು. ಅಂಥ ಕೈಗೆ ಆಮೇಲೆ ಒಂದು ತಂತೀನೂ ಮುಟ್ಟೋಕೆ ಬಿಡಲಿಲ್ಲ.

ಏನಂದೆ? ಮಾತ್ರೆ ಮೇಲಿನ ಹೆಸರನ್ನ ನಿನ್ನ ಹತ್ರ ಓದಿಸ್ತಿದ್ದನಾ? ಕನ್ನಡಕ ಇದ್ದೂ?... ಎರಡೆರಡು ಸಲ. ಬಸ್ಸಿನ ಬೋರ್ಡೂ... ಅಯ್ಯೋ, ತನ್ನ ಕಣ್ಣನ್ನೇ ನಂಬದಷ್ಟಾ.

ಇಲ್ಲ, ಏನಿಲ್ಲ. ಈ ಮೂಲೆಯಲ್ಲಿ ಧೂಳು ಜಾಸ್ತಿ. ಬೀಗ ತುಕ್ಕು ಹಿಡಿದಿದೆ, ಕೀಲಿ ತಿರುಗ್ತಿಲ್ಲ... ತಡಿ, ನೀನು ಯಾಕೆ... ತೆಗೆದೇಬಿಟ್ಯಾ. ಎಳೇ ಕೈ.

ಏನು ನೋಡ್ತಿದ್ದೀಯಾ ಟಾರ್ಚ್ ಬಿಟ್ಟು? ಹಳೇ ಚೀಟಿಗಳು ಅಷ್ಟೆ. ಮೀಟರ್ ಯಾಕೆ ಈಗ, ಬಿಚ್ಚಿ ಎಸೆಯೋ ಕೇಬಲ್ಲಿಗೆ? ಹೌದು... ‘ಲೈಬ್ರರಿ’ ಅಂತ ಇರೋದು ಹಾಸ್ಟೆಲಿಗೆ ಹೋಗುತ್ತೆ. ‘ಹಾಸ್ಟೆಲ್’ ಅಂತ ಇರೋದು ಲೈಬ್ರರಿಗೆ. ಅದಲು ಬದಲು. ನಿಮ್ಮಪ್ಪನೇ ಕಟ್ಟಿರಬೇಕು, ಅವನದೇ ಬರಹ ಇದ್ದ ಹಾಗಿದೆ...

ಕೊಡೆ ಯಾಕೆ ತಿರುಗಿಸ್ತೀಯಾ ಮಗಳೇ? ಕೊಡೆ ಇಲ್ಲಿ ಕೊಡು.

ಎರಡು ಗೀಟು. ಹೂಂ. ಅಲ್ಲೂ ಎರಡು, ಇಲ್ಲೂ ಎರಡು.

ಅದರ ಹಿಂದಿನ ಸಂಜೆ ನಾನೇ ಕಟ್ಟಿದ್ದೆ. ಯಾರ ಜೊತೆಗೋ ಹರಟೆ ಹೊಡೀತಾ, ನನ್ನ ಬಾಯಿ ಗೊತ್ತಲ್ಲ ನಿನಗೆ. ಅವನು ಸರಿಯಾಗೇ ಓದಿದ. ಚೀಟಿ ಹೇಳಿದ್ದನ್ನೇ ಕತ್ತರಿಸಿದ. ಮಾರನೇ ದಿನ, ಇನ್ನೊಂದ್ಸಲ ನೋಡ್ತೀನಿ ಅಣ್ಣಾ ಅಂತ ಬಂದ. ಅಷ್ಟರಲ್ಲಿ ಬೀಗ ಹಾಕಿಬಿಟ್ಟಿದ್ದೆ. ಎಲ್ಲ ಸರಿ ಮಾಡಿದ್ದೀನಿ ಬಿಡೋ, ಮನೆಗೆ ಹೋಗು ಅಂದೆ. ಹೋದ.

ನಿವೃತ್ತಿಯಾಗೋವರೆಗೂ ಇಪ್ಪತ್ತೆರಡು ವರ್ಷ ಈ ಪೆಟ್ಟಿಗೆ ರಿಪೇರಿಗೆ ಬೇರೆ ಯಾರನ್ನೂ ಬಿಡಲಿಲ್ಲ. ಮೂರು ಸಲ ಕತ್ತರಿ ಹಿಡಿದು ಬಂದೆ ಈ ಚೀಟಿಗಳನ್ನ ಕಿತ್ತುಹಾಕೋಕೆ. ಆಗಲಿಲ್ಲ. ಅವನ ಪರವಾಗಿ ಹೇಳೋಕೆ ಇದ್ದದ್ದು ಇವೆರಡೇ... ಇವತ್ತು ಯಾಕೆ ಬಂದೆ ಅಂತ ಕೇಳಬೇಡ. ಕೀಳೋಕೆ ಬಂದೆನೋ, ನಿನಗೆ ತೋರಿಸೋಕೆ ಬಂದೆನೋ. ದಾರಿಯುದ್ದಕ್ಕೂ ಯೋಚಿಸ್ದೆ, ತಿಳೀಲಿಲ್ಲ.

ಚೀಟಿ ದಾರ ಕತ್ತರಿಸ್ತೀಯಾ? ಕತ್ತರಿಸು. ಚೀಟಿ ನಿನ್ನ ಜೇಬಲ್ಲೇ ಇಟ್ಕೊ. ನಿರ್ದೇಶಕರಿಗೆ ತೋರಿಸು, ನಾನೇ ಜೊತೆಗೆ ಬರ್ತೀನಿ, ಬೇಕಾದ ಕಡೆ ಸಹಿ ಹಾಕ್ತೀನಿ.

ಏನಾದ್ರೂ ಅನ್ನಮ್ಮ... ದೊಡ್ಡಪ್ಪ ಅನ್ನಬೇಡ, ಅದನ್ನ ಇನ್ನು ಕೇಳೋಲ್ಲ.

ಸಾರ್ ಅಂತಾದ್ರೂ ಅನ್ನು.