ಸೆರಗು ಕಾಣದ ಪುಟ

ಹನೂರು ಬಸ್ಸು ಕೊಳ್ಳೇಗಾಲ ಬಿಟ್ಟಾಗ ಪ್ರಭುಸ್ವಾಮಿಯವರ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರಿದ್ದರು. ಹಿರಿಯಾಕೆಯ ಮಡಿಲಲ್ಲಿ ರೇಷ್ಮೆ ಸೀರೆಗಳ ಗಂಟಿತ್ತು.

"ಮೂರು ತಿಂಗ್ಳಾಯ್ತು ಪವಿತ್ರ. ನಿನ್ ವೆಬ್‌ಸೈಟ್ ನೋಡಿ ಒಬ್ರೂ ಸೀರೆ ಕೇಳ್ನಿಲ್ಲ."

"ಕಂಪ್ಯೂಟರಲ್ಲಿ ಚೆನ್ನಾಗದೆ ಅತ್ತೆ. ಅದ್ರ ಅಗಲಕ್ಕೇ ಪುಟದ ಅಳತೆ ಕೊಟ್ಟಿವ್ನಿ."

"ಗಿರಾಕಿಗಳು ಕಂಪ್ಯೂಟರ್ ಒತ್ಕಂಡು ತಿರುಗ್ತಾರಾ? ಫೋನಲ್ಲಿ ತೆಗಿ."

ಪವಿತ್ರ ತೆಗೆದಳು. ಮೇಲೆ ಅತ್ತೆಯ ಹೆಸರಿನಲ್ಲಿ 'ಗುರುಬಸಮ್ಮ ರೇಷ್ಮೆ ಸೀರೆ' ಎಂದಿತ್ತು. ಹಿಂದಿನಿಂದ ಇಣುಕಿದ ಪ್ರಭುಸ್ವಾಮಿಗೆ ಗುರುತು ಹತ್ತಿತು. ಮಗಳ ಮದುವೆಗೆಂದು ಹೋದ ವಾರ ಫೋನಿನಲ್ಲಿ ಅದನ್ನೇ ನೋಡಿ, ತೀರಾ ಸಾದಾ ಎಂದು ಮುಚ್ಚಿದ್ದರು.

"ಬರೀ ಒಡಲು ಕಾಣ್ತದೆ. ಸೆರಗೆಲ್ಲವ್ವ?"

"ಬಲಗಡೆ ಅದೆ. ಬೆರಳಲ್ಲಿ ಎಳುದ್ರೆ ಬತ್ತದೆ."

"ಅದು ನಿಂಗೆ ಗೊತ್ತು. ನಾನು ಗಂಟು ಬಿಚ್ಚುದ್ರೆ ಮೊದ್ಲು ಸೆರಗು ತೋರುಸ್ತೀನಿ. ಅದು ಒಪ್ಪುದ್ರೆ ತಾನೆ ಮಿಕ್ಕಿದ್ದು ನೋಡೋದು."

"ಫೋಟೊ ಕುಗ್ಗುಸ್ಲಾ?"

"ಕುಗ್ಗುಸುದ್ರೆ ಜರಿ ಕಾಣಾಕಿಲ್ಲ. ಜಾಗ ಇಕ್ಕಟ್ಟಾದ್ರೆ ನಾನು ಸೀರೆ ಮಡಿಸಿ, ಸೆರಗು ಮೇಲಕ್ಕಿಡ್ತೀನಿ."

ಪವಿತ್ರ ಪರದೆಯ ಉದ್ದಕ್ಕೆ ಬೆರಳಾಡಿಸಿದಳು.

"ಅಂಗಾರೆ ಫೋನಿಗೆ ಬ್ಯಾರೆ ಅಳತೆ ಕೊಡ್ತೀನಿ. ಸೆರಗು ಮೇಲೆ, ಒಡಲು ಕೆಳಗೆ. ಕಂಪ್ಯೂಟರಿಗೆ ಈಗಿರಂಗೇ ಇರ್ಲಿ."

"ಇವತ್ತೇ ಮಾಡು. ಏಳು, ಕಾಮಗೆರೆ ಬಂತು."

ಇಬ್ಬರೂ ಇಳಿದರು. ಪ್ರಭುಸ್ವಾಮಿ ತಮ್ಮ ಫೋನಿನಲ್ಲಿ ಆ ಪುಟ ತೆಗೆದು ಬೆರಳಿನಿಂದ ಎಳೆದರು. ಸೆರಗಿನ ಅಂಗೈಯಗಲದ ಜರಿ ನವಿಲುಗಳು ಸಾಲಾಗಿ ಬಂದವು. ಅವುಗಳ ಕೆಳಗಿದ್ದ ನಂಬರನ್ನು ಒತ್ತಿದರು.

ಬಸ್ಸು ಹೊರಡುವಾಗ, ರಸ್ತೆ ಬದಿಯಲ್ಲಿ ಗುರುಬಸಮ್ಮ ಗಂಟನ್ನು ಪವಿತ್ರಳ ಕೈಗೆ ಕೊಟ್ಟು, ರಿಂಗಾಗುತ್ತಿದ್ದ ಫೋನಿಗಾಗಿ ಸೊಂಟದ ಚೀಲ ತಡಕುತ್ತಿದ್ದರು.