ಸಂಬಂಧಿಕಳಲ್ಲ ಎಂಬ ಚೌಕ

“ಈ ದ್ವೀಪದಲ್ಲಿ ನನಗೆ ನೆಂಟರಲ್ಲದೋರು ಯಾರಾದ್ರೂ ಇದ್ದಾರಾ?”

ಸವಾಯಿ ದ್ವೀಪದ ಹಡಗುಕಟ್ಟೆಯಲ್ಲಿ ಕೂತಿದ್ದ ಫಿಲಿಸಿತಾ ಯಾರ ಕಡೆಗೂ ನೋಡದೆ ಕೇಳಿದಳು. ಅವಳ ಮಡಿಲಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಅರ್ಜಿಯಿತ್ತು. ಪಕ್ಕದಲ್ಲಿ ಅವರೂರಿನ ಮಹಿಳಾ ಸಮಿತಿಯ ಅಧ್ಯಕ್ಷೆ ಲೊಯಿಮಾತಾ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಅದೇ ಹಡಗಿಗೆ ಕಾಯುತ್ತ ಹಿಂದಿನ ಬೆಂಚಿನಲ್ಲಿ ಬೆಳಗಿನ ಕೀರ್ತನೆ ಹೇಳಿಕೊಳ್ಳುತ್ತಿದ್ದ ನಾನು ಅಲ್ಲಿಗೇ ನಿಲ್ಲಿಸಿದೆ.

“ಶಿಫಾರಸು ಪತ್ರಕ್ಕೆ ಪಾದ್ರಿಗಳನ್ನ ಕೇಳಬೇಕಿತ್ತು,” ಎಂದರು ಲೊಯಿಮಾತಾ.

“ಅವರ ಹೆಂಡತಿ ನಮ್ಮಮ್ಮನ ತಂಗಿ.”

“ಮೇಷ್ಟ್ರು?”

“ಅಜ್ಜಿ ಕಡೆಯೋರು. ಅತ್ತೆ, ಮೂರು ವರ್ಷ ನಿಮ್ಮ ಜೊತೆ ಮನೆಮನೆ ತಿರುಗಿದೀನಿ. ನನ್ನ ಕೆಲಸ ಕಂಡೋರು ನೀವೊಬ್ಬರೇ.”

“ಅದಕ್ಕೇ ಎರಡು ಪುಟ ಬರೆದುಕೊಟ್ಟೆನಲ್ಲೇ. ಅಷ್ಟು ಹೊಗಳಿಕೆ ನನ್ನ ಗಂಡನಿಗೂ ಸಿಕ್ಕಿಲ್ಲ.”

“ಈ ಒಂದು ಚೌಕ ಉಳಿದಿದೆ. ‘ಅರ್ಜಿದಾರಳು ನನ್ನ ಸಂಬಂಧಿಕಳಲ್ಲ.’ ಒಂದು ಗೀಟು ಹಾಕಿ, ಸಾಕು. ಇವತ್ತು ಐದಕ್ಕೆ ಆಚೆ ದ್ವೀಪದ ಆಪಿಯಾದಲ್ಲಿ ಕಚೇರಿ ಮುಚ್ಚುತ್ತೆ. ತಪ್ಪಿದ್ರೆ ಇನ್ನೊಂದು ವರ್ಷ ಕಾಯಬೇಕು.”

“ನಿಮ್ಮಜ್ಜ ಸತ್ತಾಗ ನಮ್ಮ ಮನೆ ಹಿರಿಯರ ನೇಯ್ಗೆ ಚಾಪೆ ತಂದು ಹೆಣದ ಮುಂದೆ ಹಾಸಿದೋಳು ಯಾರು?”

“ನೀವೇ.”

“ದಾರಿಹೋಕಳಾಗಿ ತಂದಿದ್ದೆನಾ?”

“ನಮ್ಮಪ್ಪನ ಚಿಕ್ಕಪ್ಪನ ಮಗಳು ನೀವು. ಈ ಅರ್ಜಿ ಅಚ್ಚು ಹಾಕಿದೋರ ಲೆಕ್ಕದಲ್ಲಿ ಅದು ನೆಂಟಸ್ತನವೇ ಅಲ್ಲ ಅತ್ತೆ. ಅವರಿಗೆ ಗೊತ್ತೇ ಆಗಲ್ಲ.”

“ನನಗೆ ಗೊತ್ತಾಗುತ್ತಲ್ಲ.”

ಹಡಗು ಕೂಗಿತು. ಫಿಲಿಸಿತಾ ಪೆನ್ನನ್ನು ಅವರ ಮುಂದೆ ಹಿಡಿದಳು. ಲೊಯಿಮಾತಾ ಎದ್ದು, ಅವಳ ಹಣೆಗೆ ಮುತ್ತಿಟ್ಟು, ಊರಿನ ಬಸ್ಸಿನ ಕಡೆಗೆ ತಿರುಗಿದರು.

“ಬೇಕಾದ್ರೆ ಇನ್ನೂ ಹತ್ತು ಪುಟ ಬರೀತೀನಿ ಮಗಳೇ. ಆ ಗೀಟು ಮಾತ್ರ ಹಾಕಲ್ಲ.”